ಕೆಲಸ ಬಿಡುವ ಮುನ್ನ

ವನಗೂರಿನ ಕೂಡುರಸ್ತೆಯಲ್ಲಿ ನಿಂತರೆ ಒಂದು ದಾರಿ ಹೆತ್ತೂರಿನ ಮೂಲಕ ಸಕಲೇಶಪುರಕ್ಕೆ ಹೋಗುತ್ತದೆ, ಇನ್ನೊಂದು ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯದತ್ತ ಸಾಗುತ್ತದೆ. ಅಲ್ಲಿ ಬಸ್ಸಿಗೆ ಕಾಯುವವನಿಗೆ ತಾನು ಸೇರಬೇಕಾದ ಊರು ಗೊತ್ತಿರುತ್ತದೆ. ಆದರೆ ಬದುಕಿನ ಕೂಡುರಸ್ತೆಯಲ್ಲಿ ನಿಂತವನಿಗೆ ಆ ಭರವಸೆ ಇರುವುದಿಲ್ಲ.

ಆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ಎಂಟು ವರ್ಷ ದುಡಿದ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಸಂಬಳ ಕಡಿಮೆ, ಮೇಲಿನವರ ಬೈಗುಳ ಹೆಚ್ಚು. ಜುಮಾಕ್ಕೆ ಹೋಗಬೇಕಾದರೂ ಪ್ರತಿ ವಾರ ಅಂಗಲಾಚಬೇಕು. ಈಗ ಅವನ ಭಾವನು ಗಲ್ಫಿನಿಂದ, ಒಂದು ಗೋದಾಮಿನಲ್ಲಿ ಕೆಲಸವಿದೆ, ತಿಂಗಳೊಳಗೆ ಬಾ ಎಂದಿದ್ದಾನೆ. ಇತ್ತ ಹಣ್ಣಿನ ಕೊಯ್ಲು ಆರಂಭವಾಗಿದೆ. ವಾಸದ ಮನೆ ತೋಟದ್ದು. ಕೆಲಸ ಬಿಟ್ಟರೆ ಮನೆಯೂ ಹೋಯಿತು. ಮಡದಿಗೆ ಮಕ್ಕಳ ಶಾಲೆಯ ಚಿಂತೆ, ತಾಯಿಗೆ ಮಗನ ಅಗಲಿಕೆಯ ಚಿಂತೆ. ಅವನೇನು ಮಾಡಬೇಕು?

ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಎದ್ದಿರುವ ಪ್ರಶ್ನೆ ಇದು. ಇದಕ್ಕೆ ಇಸ್ಲಾಮ್ ಸಿದ್ಧ ಉತ್ತರವನ್ನು ಕೈಗಿಡುವುದಿಲ್ಲ. ಉತ್ತರಕ್ಕೆ ತಲುಪುವ ದಾರಿಯನ್ನು ಕಲಿಸುತ್ತದೆ.

ಇಬ್ಬರು ಪ್ರವಾದಿಗಳ ಪಾಠ

ಪವಿತ್ರ ಕುರ್‌ಆನ್ ನೆಲೆ ಬಿಟ್ಟು ಹೊರಟ ಇಬ್ಬರು ಪ್ರವಾದಿಗಳ ವೃತ್ತಾಂತವನ್ನು ತಿಳಿಸುತ್ತದೆ. ಹ. ಯೂನುಸ್(ಅ) ತಮ್ಮ ಜನರ ಮೇಲೆ ಮುನಿದು ಹೊರಟು ಹೋದರು (21:87). ಅಲ್ಲಾಹನ ಅಪ್ಪಣೆಗೆ ಅವರು ಕಾಯಲಿಲ್ಲ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಮೀನಿನ ಹೊಟ್ಟೆಯ ಕತ್ತಲಲ್ಲಿ ಅವರು ತಮ್ಮ ತಪ್ಪನ್ನು ಒಪ್ಪಿ ಮೊರೆಯಿಟ್ಟರು. ಅಲ್ಲಾಹನು ಅವರನ್ನು ರಕ್ಷಿಸಿ, ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರ ಬಳಿಗೆ ಕಳುಹಿಸಿದನು. ಅವರೆಲ್ಲರೂ ವಿಶ್ವಾಸವಿರಿಸಿದರು (37:147-148). ಬೇಸತ್ತ ಕೆಲಸದಲ್ಲೇ ಅಲ್ಲಾಹನು ದೊಡ್ಡ ಫಲವನ್ನು ಇಟ್ಟಿರಬಹುದು.

ಹ. ಮೂಸಾ(ಅ) ಕೂಡಾ ಈಜಿಪ್ಟನ್ನು ಬಿಟ್ಟು ಹೊರಟರು. ಆದರೆ ಅವರ ಜೀವಕ್ಕೇ ಅಪಾಯವಿತ್ತು. ಹೊರಡುವಂತೆ ಹಿತೈಷಿಯೊಬ್ಬನು ಸಲಹೆಯನ್ನೂ ನೀಡಿದ್ದನು. ಮದ್‌ಯನ್ ತಲುಪಿದಾಗ ಅವರ ಕೈ ಬರಿದಾಗಿತ್ತು. ಆದರೂ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ಮೊದಲು ನೀರುಣಿಸಿದರು. ಆ ಮೇಲೆ ನೆರಳಿಗೆ ಸರಿದು, ನೀನು ಯಾವ ಒಳಿತನ್ನು ಇಳಿಸಿದರೂ ನಾನು ಅದರ ಅಗತ್ಯವುಳ್ಳವನೆಂದು ಪ್ರಭುವಿನೊಡನೆ ಬೇಡಿದರು. ಕೆಲಸ ತಾನಾಗಿ ಬಂತು. ಅವರಿಗೆ ದೊರೆತ ಶಿಫಾರಸು ಎರಡೇ ಗುಣಗಳದ್ದು: ಶಕ್ತಿ ಮತ್ತು ಪ್ರಾಮಾಣಿಕತೆ (28:26). ಕರಾರು ಕೂಡಾ ಸ್ಪಷ್ಟವಾಗಿತ್ತು: ಎಂಟು ವರ್ಷ ಕಡ್ಡಾಯ, ಹತ್ತು ಪೂರೈಸಿದರೆ ಅವರ ಔದಾರ್ಯ. ಅವರು ದೀರ್ಘ ಅವಧಿಯನ್ನೇ ಪೂರೈಸಿದರೆಂದು ಹ. ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ.

ಆದ್ದರಿಂದ ಹೊರಡುವುದೇ ತಪ್ಪಲ್ಲ, ಉಳಿಯುವುದೇ ಸಹನೆಯೂ ಅಲ್ಲ. ನಮ್ಮನ್ನು ಹೊರಡಿಸುತ್ತಿರುವುದು ಕೋಪವೋ ಅಗತ್ಯವೋ ಎಂಬುದನ್ನು ಮೊದಲು ನಾವೇ ಕೇಳಿಕೊಳ್ಳಬೇಕು.

ದುಃಖ ಯಾವ ಬಗೆಯದು?

ಕೆಲಸದ ಬೇಸರಗಳೆಲ್ಲ ಒಂದೇ ಅಲ್ಲ. ಕೂಲಿಯಾಳುಗಳು ಕೊಯ್ದು ತಂದ ಹಣ್ಣನ್ನು ತೂಗುವಾಗ ಚೀಲಕ್ಕೆ ಎರಡು ಕಿಲೋ ಕಡಿಮೆ ಬರೆ ಎಂದು ರೈಟರನಿಗೆ ಆಜ್ಞೆಯಾದರೆ, ಅದು ಬರೇ ಬೇಸರದ ಸಂಗತಿಯಲ್ಲ. ತೂಕದಲ್ಲಿ ವಂಚಿಸುವವರಿಗೆ ಕುರ್‌ಆನ್ ವಿನಾಶದ ಎಚ್ಚರಿಕೆ ನೀಡಿದೆ (83:1-3). ಬರೆಯುವ ಕೈ ಅವನದೇ ಆದ್ದರಿಂದ ಅದನ್ನು ತಡೆಯುವ ಹೊಣೆಯೂ ಅವನದೇ. ಅವನು ಮೊದಲು ನಿರಾಕರಿಸಲಿ, ಕೇಳದಿದ್ದರೆ ಬಿಡಲಿ. ಇಲ್ಲಿ ಇಸ್ತಿಖಾರಃಕ್ಕೂ ಎಡೆಯಿಲ್ಲ. ಹರಾಮ್ ಬಿಡಬೇಕೇ ಬೇಡವೇ ಎಂದು ಅಲ್ಲಾಹನೊಡನೆ ಕೇಳುವಂತಿಲ್ಲ, ಅದನ್ನು ಅವನು ಈಗಾಗಲೇ ತಿಳಿಸಿದ್ದಾನೆ.

ಸಂಬಳ ಸಾಲದು, ಗೌರವವಿಲ್ಲ, ಮುಂದೆ ಬೆಳೆಯುವ ದಾರಿಯಿಲ್ಲ ಎಂಬುದು ಬೇರೆ ಬಗೆಯದು. ಇಲ್ಲಿ ಮಾತನಾಡಿ ನೋಡಲು ಅವಕಾಶವಿದೆ. ಜುಮಾದ ವೇಳೆಯನ್ನು, ಸಂಬಳದ ಏರಿಕೆಯನ್ನು ನೇರವಾಗಿ ಒಮ್ಮೆ ಕೇಳಿ ನೋಡಿದ್ದೀರಾ? ಅನೇಕರು ಮಾಲಿಕನ ಮುಂದೆ ಬಾಯಿ ತೆರೆಯದೆ, ಮನೆಯಲ್ಲಿ ಮಡದಿಯ ಮುಂದೆ ಮಾತ್ರ ಗುಡುಗುತ್ತಾರೆ.

ಹೊಸ ಬಾಗಿಲನ್ನು ತಟ್ಟಿ ನೋಡಿ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಲೆನಾಡಿಗರಿಗೆ ಹೇಳಿಕೊಡಬೇಕಾಗಿಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರು ಎಲ್ಲವನ್ನೂ ಬಿಟ್ಟು ಮರಳಬೇಕಾಯಿತು. ಊರಲ್ಲೇ ವ್ಯಾಪಾರ ಮಾಡುವೆನೆನ್ನುವವರಿಗೂ ಪಾಠವಿದೆ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಗಗನಕ್ಕೇರಿತು; 2001-02ರ ಹೊತ್ತಿಗೆ ಪಾತಾಳಕ್ಕಿಳಿಯಿತು. ಏರಿದ ಬೆಲೆಯನ್ನು ಕಂಡು ಸಾಲ ಮಾಡಿ ತೋಟ ಗುತ್ತಿಗೆ ಹಿಡಿಯುವವನು ಇಳಿಯುವ ದಿನವನ್ನೂ ಲೆಕ್ಕ ಹಾಕಬೇಕು.

ಆದ್ದರಿಂದ ವಿಚಾರಿಸಿರಿ. ಕೈಗೆ ಬರುವುದು ಉದ್ಯೋಗದ ವೀಸಾವೋ ಬರೇ ಸಂದರ್ಶನದ ವೀಸಾವೋ? ಏಜೆಂಟನು ಕೇಂದ್ರ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತನೇ? ಅಂಥವನು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ತೆರಿಗೆ. ಲಕ್ಷಗಳನ್ನು ಕೇಳುವವನಿಂದ ದೂರವಿರಿ. ಬಡ್ಡಿಯ ಸಾಲದಿಂದ ವೀಸಾ ಕೊಂಡು ಹಲಾಲ್ ಸಂಪಾದನೆಗೆ ಹೊರಡುವುದು ಮಲಿನ ನೀರಿನಲ್ಲಿ ವುಝೂ ಮಾಡಿದಂತೆ.

ಇಲ್ಲಿ ಸಲ್ಲಬೇಕಾದ್ದನ್ನೂ ಮರೆಯಬೇಡಿ. ಸತತ ಐದು ವರ್ಷ ದುಡಿದವನಿಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಯಿಟಿ ಸಲ್ಲಬೇಕು. 1972ರ ಕಾನೂನು ತಂದ ಈ ಹಕ್ಕು ತೋಟದ ನೌಕರರಿಗೂ ಇದೆ. ಮುನಿದು ರಾತ್ರೋರಾತ್ರಿ ಹೊರಟವನು ಎಷ್ಟೋ ಸಲ ಇದನ್ನು ಕೇಳದೆಯೇ ಹೋಗುತ್ತಾನೆ.

ಸಮಾಲೋಚನೆ ಮತ್ತು ಇಸ್ತಿಖಾರಃ

ಸಮಾಲೋಚನೆ ನಡೆಸಿ, ನಿರ್ಧರಿಸಿದ ಬಳಿಕ ಅಲ್ಲಾಹನಲ್ಲಿ ಭರವಸೆಯಿಡಬೇಕೆಂಬುದು ಕುರ್‌ಆನಿನ ಆದೇಶ (3:159). ಮೊದಲ ಸಮಾಲೋಚನೆ ಮನೆಯವರೊಂದಿಗಾಗಲಿ. ಟಿಕೇಟು ಬಂದ ಮೇಲೆ ಮಡದಿಗೆ ತಿಳಿಸುವುದು ಸಮಾಲೋಚನೆಯಲ್ಲ. ಅಗಲಿಕೆಯ ಭಾರವನ್ನು ಹೊರುವವಳು ಅವಳು. ಅವಳ ಮಾತಿಗೆ ತೂಕವಿರಲಿ.

ಪ್ರವಾದಿ(ಸ) ತಮ್ಮ ಸಂಗಾತಿಗಳಿಗೆ ಕುರ್‌ಆನಿನ ಅಧ್ಯಾಯವನ್ನು ಕಲಿಸುವಂತೆಯೇ ಇಸ್ತಿಖಾರಃವನ್ನೂ ಕಲಿಸುತ್ತಿದ್ದರೆಂದು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ಎರಡು ರಕಅತ್ ಐಚ್ಛಿಕ ನಮಾಝ್, ಬಳಿಕ ಪ್ರಾರ್ಥನೆ. ಈ ಕಾರ್ಯ ನನ್ನ ಧರ್ಮಕ್ಕೆ, ಬದುಕಿಗೆ, ಅಂತಿಮ ಪರಿಣಾಮಕ್ಕೆ ಒಳಿತಾದರೆ ಸುಲಭಗೊಳಿಸು, ಕೆಡುಕಾದರೆ ದೂರಗೊಳಿಸು, ಒಳಿತು ಎಲ್ಲಿದ್ದರೂ ಅದನ್ನೇ ನನಗೆ ವಿಧಿಸಿ ಅದರಲ್ಲಿ ನನ್ನನ್ನು ತೃಪ್ತನಾಗಿಸು ಎಂಬುದು ಅದರ ಸಾರ. ಧರ್ಮದ ಹೆಸರು ಜೀವನೋಪಾಯಕ್ಕಿಂತ ಮೊದಲು ಬರುವುದನ್ನು ಗಮನಿಸಿ. ಕನಸು ಬೀಳಬೇಕೆಂಬ ಷರತ್ತು ಹದೀಸಿನಲ್ಲಿಲ್ಲ. ಪ್ರಾರ್ಥಿಸಿ ಹೆಜ್ಜೆಯಿಡಬೇಕು, ದಾರಿ ತೆರೆದರೆ ನಡೆಯಬೇಕು, ಮುಚ್ಚಿದರೆ ಗೊಣಗದೆ ನಿಲ್ಲಬೇಕು.

ಬಿಡುವ ರೀತಿ

ನಮ್ಮ ಯುವಕನು ಬಿಡುವುದೆಂದೇ ನಿರ್ಧರಿಸಿದನೆನ್ನೋಣ. ಕರಾರುಗಳನ್ನು ಪೂರೈಸಿರೆಂಬ ಆದೇಶ (5:1) ಆಗಲೂ ಅವನ ಮೇಲಿದೆ. ಕೊಯ್ಲಿನ ನಡುವೆ ಮಸ್ಟರ್ ಪುಸ್ತಕ ಬಿಸುಟು ಹೋದರೆ ನಷ್ಟ ಮಾಲಿಕನಿಗೆ ಮಾತ್ರವಲ್ಲ, ವಾರದ ಬಟವಾಡೆಗೆ ಕಾದು ನಿಂತ ಕೂಲಿಯಾಳುಗಳಿಗೂ ಆಗುತ್ತದೆ. ಅವನು ಮುಂಚಿತವಾಗಿ ತಿಳಿಸಲಿ. ಲೆಕ್ಕ, ಬೀಗದ ಕೈ ಒಪ್ಪಿಸಲಿ. ಪಡೆದ ಮುಂಗಡವನ್ನು ತೀರಿಸಲಿ. ತಿಂಗಳೊಳಗೆ ಬಾ ಎಂದ ಭಾವನೊಡನೆ, ಕೊಯ್ಲು ಮುಗಿಯುವ ತನಕ ಸಮಯ ಕೊಡು ಎನ್ನಲಿ. ಆ ಕೆಲಸ ಅವನ ಪಾಲಿನದಾದರೆ ಅಷ್ಟು ದಿನ ಕಾಯುತ್ತದೆ. ಇಲ್ಲವಾದರೆ ಅಲ್ಲಾಹನ ಭಂಡಾರದಲ್ಲಿ ಅದೊಂದೇ ಅಲ್ಲ.

ಉಳಿಯುವುದೆಂದು ನಿರ್ಧರಿಸಿದರೂ ಹಾಗೆಯೇ. ಸೋತವನಂತೆ ಉಳಿಯದೆ, ಸರಿಯಾದ ತೂಕ ಬರೆಯುವ ಒಬ್ಬ ಸತ್ಯವಿಶ್ವಾಸಿ ಆ ತೋಟದಲ್ಲಿದ್ದಾನೆಂದು ಹಣ್ಣು ಕೊಯ್ಯುವ ಹೆಂಗಸರಿಗೆ ತಿಳಿಯುವಂತೆ ಉಳಿಯಲಿ. ದಾರಿ ಯಾವುದೇ ಆಗಲಿ, ಶಕ್ತಿ ಮತ್ತು ಪ್ರಾಮಾಣಿಕತೆ ಎಂಬ ಆ ಎರಡು ಗುಣಗಳನ್ನು ಜೊತೆಗೆ ಕೊಂಡೊಯ್ಯುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.