ಅಂಗಳಕ್ಕೆ ಫರಸಿ ಹಾಕಿಸುವಾಗ



ಮಳೆಗಾಲದಲ್ಲಿ ನಿಮ್ಮ ಅಂಗಳ ಹೇಗಿರುತ್ತದೆ? ನಮ್ಮದು ಬರೀ ಕೆಸರು. ನಮ್ಮೂರಿನದು ಕರಿಮಣ್ಣು. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಅವ್ವನಿಗೆ ವಯಸ್ಸಾಗಿದೆ. ಬಚ್ಚಲಿಗೆ ಹೋಗಲೂ ಕೈ ಹಿಡಿಯಬೇಕು. ಅದಕ್ಕೇ ಫರಸಿ ಹಾಕಿಸಿದೆವು.

ನಮ್ಮ ಕಡೆ ಫರಸಿ ಎಂದರೆ ಶಹಾಬಾದ್ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಇದರ ಗಣಿಗಳಿವೆ. ಇದು ಸುಣ್ಣದ ಕಲ್ಲು. ರೊಟ್ಟಿಯ ಮೇಲೆ ರೊಟ್ಟಿ ಇಟ್ಟ ಹಾಗೆ ನೆಲದೊಳಗೆ ಪದರ ಪದರವಾಗಿ ಇರುತ್ತದೆ. ಆದ್ದರಿಂದ ಹಲಗೆಯ ಹಾಗೆ ಎಬ್ಬಿಸಬಹುದು.

ಮೊದಲ ಸಲ ನಾವು ತಪ್ಪು ಮಾಡಿದೆವು. "ಎರಡು ದಿನದಾಗ ಮುಗಿಸ್ತೀನ್ರಿ" ಅಂದ ಒಬ್ಬ ಗೌಂಡಿ. ನಾವು ಹೂಂ ಅಂದೆವು. ಅವನು ಕರಿಮಣ್ಣಿನ ಮೇಲೇ ತೆಳ್ಳಗೆ ಉಸುಕು ಹರಡಿ ಕಲ್ಲು ಇಟ್ಟ. ನೋಡಲು ಚಂದ ಇತ್ತು.

ಮಳೆ ಬಂತು. ಕರಿಮಣ್ಣು ನೀರು ಕುಡಿದು ಉಬ್ಬಿತು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗಿತು. ಕಲ್ಲುಗಳು ತೊಟ್ಟಿಲ ಹಾಗೆ ಅಲ್ಲಾಡತೊಡಗಿದವು. ಮುಂದಿನ ಮಳೆಗೆ ನೀರು ಗೋಡೆಯ ಬುಡದಲ್ಲೇ ನಿಂತಿತು. ಒಂದು ಬೆಳಗ್ಗೆ ಎದ್ದು ನಿಂತ ಕಲ್ಲಿಗೆ ಅವ್ವ ಎಡವಿ ಬಿದ್ದಳು. ಮುಂಗೈ ಮುರಿಯಿತು.

ಎರಡನೆಯ ಸಲ ಕಸಬು ಬಲ್ಲ ಹಿರಿಯ ಗೌಂಡಿಯನ್ನು ಕರೆದೆವು. ಅವರು ಕಲ್ಲು ಎತ್ತಿ ನೋಡಿದರು. "ಮಾಸ್ತರ್ರೇ, ಕಲ್ಲು ಮ್ಯಾಲ ಕಾಣ್ತದ. ಕೆಲಸ ಕೆಳಗ ಇರ್ತದ" ಅಂದರು. ಅವರು ಮಾಡಿದ್ದು ಹೀಗೆ:

1. ಸುಮಾರು ಒಂದು ಅಡಿ ಕರಿಮಣ್ಣು ತೆಗೆಸಿದರು.
2. ಅಲ್ಲಿ ಗರಸು ತುಂಬಿಸಿದರು. ಸ್ವಲ್ಪ ಸ್ವಲ್ಪ ಹಾಕಿ, ನೀರು ಹೊಡೆದು, ದಮ್ಮಸು ಬಡಿಸಿದರು.
3. ದಾರ ಕಟ್ಟಿ ಇಳಿಜಾರು ನೋಡಿದರು. ಗೋಡೆಯಿಂದ ರಸ್ತೆಯ ಕಡೆಗೆ 10 ಅಡಿಗೆ 2 ಇಂಚು ಇಳಿಜಾರು ಕೊಟ್ಟರು. ಫರಸಿ ಹೊಸ್ತಿಲಿಗಿಂತ ಕೆಳಗೇ ಇರಬೇಕು ಎಂದರು.
4. ಒಂದು ಬುಟ್ಟಿ ಸಿಮೆಂಟಿಗೆ ಆರು ಬುಟ್ಟಿ ಉಸುಕು ಕಲಸಿದರು. ಕಲ್ಲು ತೊಳೆದು, ಅದರ ಮೇಲೆ ಕೂರಿಸಿದರು. ಪ್ರತಿ ಕಲ್ಲನ್ನೂ ತಟ್ಟಿ ನೋಡಿದರು. ಟೊಳ್ಳು ಸಪ್ಪಳ ಬಂದರೆ ಎತ್ತಿ ಮತ್ತೆ ಕೂರಿಸಿದರು.
5. ಸಂದುಗಳಿಗೆ ಸಿಮೆಂಟ್ ತುಂಬಿದರು. ಏಳು ದಿನ ನೀರು ಹೊಡೆಯಲು ಹೇಳಿದರು. ಅಲ್ಲಿಯವರೆಗೆ ಅದರ ಮೇಲೆ ಗಾಡಿ ನಿಲ್ಲಿಸಲಿಲ್ಲ.

ಕೊನೆಗೆ ನಾವು ಗೋಡೆಯ ಬದಿಗೆ ಒಂದು ಕೊಡ ನೀರು ಸುರಿದೆವು. ನೀರು ಸರ್ರನೆ ರಸ್ತೆಯ ಕಡೆ ಹರಿಯಿತು. ಆಮೇಲೆಯೇ ಉಳಿದ ಹಣ ಕೊಟ್ಟೆವು.

ಈಗ ಲೆಕ್ಕ ನೋಡೋಣ.

ನಮ್ಮ ಅಂಗಳ 15 ಅಡಿ ಉದ್ದ, 12 ಅಡಿ ಅಗಲ.
15 × 12 = 180 ಚದರ ಅಡಿ.
2 ಅಡಿ ಉದ್ದ, 2 ಅಡಿ ಅಗಲದ ಒಂದು ಕಲ್ಲು 4 ಚದರ ಅಡಿ.
180 ÷ 4 = 45 ಕಲ್ಲು.
ಒಡೆದರೆ ಬೇಕಾಗುತ್ತದೆ ಎಂದು 3 ಹೆಚ್ಚು ತಂದೆವು.

ಮೊದಲನೆಯ ಗೌಂಡಿ "210 ಚದರ ಅಡಿ ಆಯ್ತ್ರಿ" ಅಂದಿದ್ದ. ಚದರ ಅಡಿಗೆ 30 ರೂಪಾಯಿ ಕೂಲಿ ಮಾತಾಗಿತ್ತು. ಅವನು ಕೇಳಿದಷ್ಟು ಕೊಟ್ಟೆವು. 30 ಚದರ ಅಡಿ ಹೆಚ್ಚು, ಅಂದರೆ 900 ರೂಪಾಯಿ ಹೋಯಿತು. ಶಾಲೆಯಲ್ಲಿ ಲೆಕ್ಕ ಕಲಿಸುವ ನಾವೇ ಅಳೆದು ನೋಡಲಿಲ್ಲ! ಅಕ್ಷರ ಬಂದರೆ ಸಾಲದು, ಅದನ್ನು ಬಳಸಬೇಕು.

ಎರಡನೆಯ ಸಲ ಒಂದು ಹಾಳೆಯಲ್ಲಿ ಎಲ್ಲ ಬರೆದೆವು. ಅಳತೆ, ದರ, ಎಷ್ಟು ಆಳ ಅಗೆಯಬೇಕು, ಎಷ್ಟು ಮುಂಗಡ, ಎಷ್ಟು ಬಾಕಿ. ಗೌಂಡಿಯವರೂ ನಾವೂ ಸಹಿ ಹಾಕಿದೆವು. ಅವರಿಗೆ ಬೇಸರ ಆಗಲಿಲ್ಲ. "ಇದು ಛಲೋ ಆತು, ನಮಗೂ ಜಗಳ ತಪ್ಪಿತು" ಅಂದರು.

ಇನ್ನೊಂದು ಮಾತು. ಕಲೆ ತೆಗೆಯಲು ಈ ಕಲ್ಲಿಗೆ ಆಸಿಡ್ ಹಾಕಬೇಡಿ. ಸುಣ್ಣದ ಕಲ್ಲನ್ನು ಆಸಿಡ್ ತಿನ್ನುತ್ತದೆ.

ಈಗ ಮಳೆ ಬಂದರೂ ಅವ್ವ ಒಬ್ಬಳೇ ಬಚ್ಚಲಿಗೆ ಹೋಗುತ್ತಾಳೆ. ನಾವು ಕೈ ಹಿಡಿಯಲು ಹೋದರೆ, "ಬಿಡ್ರಿ, ನಾ ಹೋಗ್ತೀನಿ" ಅನ್ನುತ್ತಾಳೆ.

ಅಭ್ಯಾಸ

1. ಮೊದಲು ಹಾಕಿದ ಕಲ್ಲುಗಳು ಏಕೆ ಅಲ್ಲಾಡಿದವು?
2. 20 ಅಡಿಗೆ ಎಷ್ಟು ಇಂಚು ಇಳಿಜಾರು ಬೇಕು?
3. ನಿಮ್ಮ ಅಂಗಳ ಅಳೆಯಿರಿ. ಎಷ್ಟು ಚದರ ಅಡಿ? ಬರೆಯಿರಿ.