ಸ್ತನ ಕ್ಯಾನ್ಸರ್ ಮೆದುಳಿಗೆ ಹಬ್ಬಿದಾಗ

ಸ್ತನ ಕ್ಯಾನ್ಸರಿನ ಆಪರೇಶನ್ ಆಗಿ ಮೂರು ನಾಲ್ಕು ವರ್ಷ ಕಳೆದಿರುತ್ತದೆ. ಉದುರಿದ ಕೂದಲು ಮತ್ತೆ ಬೆಳೆದಿದೆ. ಅಡಿಗೆ, ಹಟ್ಟಿ ಕೆಲಸ ಎಲ್ಲವೂ ಹಿಂದಿನಂತೆ ನಡೆದಿದೆ. ಹೀಗಿರುವಾಗ ತಲೆನೋವು ಶುರುವಾಗುತ್ತದೆ. ಬೆಳಿಗ್ಗೆ ಎದ್ದಾಗ ಜಾಸ್ತಿ, ಜೊತೆಗೆ ವಾಂತಿ. ಪಿತ್ತವೆಂದು ಕಷಾಯ ಕುಡಿಯುತ್ತಾರೆ, ಕನ್ನಡಕ ಬದಲಿಸುತ್ತಾರೆ. ಹೀಗೆ ಒಂದೆರಡು ತಿಂಗಳು ಕಳೆದುಹೋಗುತ್ತದೆ.

ಎಲ್ಲ ತಲೆನೋವೂ ಕ್ಯಾನ್ಸರ್ ಅಲ್ಲ. ಆದರೆ ಒಮ್ಮೆ ಸ್ತನ ಕ್ಯಾನ್ಸರ್ ಬಂದವರಿಗೆ ದಿನೇ ದಿನೇ ಹೆಚ್ಚುವ ಹೊಸ ತಲೆನೋವು ಬಂದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ನಡೆಯುವಾಗ ಓಲಾಡಿದರೆ, ಸ್ವಭಾವವೇ ಬದಲಾದಂತೆ ಕಂಡರೆ, ಮೊದಲು ಚಿಕಿತ್ಸೆ ಕೊಟ್ಟ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು. ಫಿಟ್ಸ್ ಬಂದರೆ ಅದೇ ದಿನ. ಔಷಧಿ ಚುಚ್ಚಿ ತೆಗೆಯುವ ಎಂ.ಆರ್.ಐ. ಸ್ಕ್ಯಾನ್‌ನಲ್ಲಿ ಸಿ.ಟಿ.ಗೆ ಕಾಣದ ಸಣ್ಣ ಗಡ್ಡೆಗಳೂ ಕಾಣುತ್ತವೆ.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದಿರಬೇಕು. ಇದು ಮೆದುಳಿನ ಕ್ಯಾನ್ಸರ್ ಅಲ್ಲ, ಮೆದುಳಿಗೆ ಹೋಗಿ ಕುಳಿತ ಸ್ತನ ಕ್ಯಾನ್ಸರ್. ಗುಡ್ಡದ ಕಮ್ಯುನಿಸ್ಟ್ ಗಿಡದ ಬೀಜ ಹಾರಿ ಬಂದು ತೋಟದಲ್ಲಿ ಮೊಳೆತರೆ ಅದು ಅಡಿಕೆ ಗಿಡವಾಗುವುದಿಲ್ಲವಷ್ಟೆ! ಆದ್ದರಿಂದ ಔಷಧಿಯ ಆಯ್ಕೆ ಮೂಲ ಗಡ್ಡೆಯ ಗುಣವನ್ನು ಹೊಂದಿಕೊಂಡಿದೆ. ಹಳೆಯ ಬಯಾಪ್ಸಿ ವರದಿಯಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಹೆಸರುಗಳಿರುತ್ತವೆ. ಹರ್-2 ಪಾಸಿಟಿವ್ ಆದವರಲ್ಲಿ ಮತ್ತು ಮೂರೂ ನೆಗೆಟಿವ್ ಆದವರಲ್ಲಿ ರೋಗ ಮೆದುಳಿಗೆ ಹೋಗುವುದು ಹೆಚ್ಚು. ಆ ಫೈಲನ್ನು ಜಾಗ್ರತೆಯಾಗಿಡಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಮರೆಯುವಂಥದಲ್ಲ. ಕಾಗದಪತ್ರಗಳ ಒಂದು ನಕಲು ಮನೆಯಲ್ಲೇ ಇರಲಿ.

ಚಿಕಿತ್ಸೆಯಲ್ಲಿ ಮೊದಲು ಸಾಮಾನ್ಯವಾಗಿ ಕೊಡುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಗಡ್ಡೆಯ ಸುತ್ತಲಿನ ಬಾವು ಇಳಿದು ಒಂದೆರಡು ದಿನಗಳಲ್ಲೇ ತಲೆನೋವು ಹಗುರವಾಗುತ್ತದೆ. ಗುಣವಾಯಿತೆಂದು ಕೆಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಬಾವು ಇಳಿದರೂ ಗಡ್ಡೆ ಅಲ್ಲೇ ಇದೆ. ಈ ಮಾತ್ರೆಯನ್ನು ಒಮ್ಮೆಲೇ ಬಿಡಲೂಬಾರದು. ಸಕ್ಕರೆ ಕಾಯಿಲೆಯವರಲ್ಲಿ ಇದು ಸಕ್ಕರೆಯನ್ನು ಏರಿಸುತ್ತದೆ.

ಗಡ್ಡೆ ಒಂದೇ ಇದ್ದು ಕೈಗೆಟಕುವ ಜಾಗದಲ್ಲಿದ್ದರೆ ಆಪರೇಶನ್ ಮಾಡಬಹುದು. ವಿವಿಧ ಕ್ಯಾನ್ಸರ್‌ಗಳಿಂದ ಮೆದುಳಿನಲ್ಲಿ ಒಂದೇ ಗಡ್ಡೆಯಾದವರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಬರೇ ವಿಕಿರಣ ಪಡೆದವರಲ್ಲಿ ಅರ್ಧದಷ್ಟು ಮಂದಿ ಬದುಕಿದ್ದು 15 ವಾರ; ಆಪರೇಶನ್ ಮಾಡಿ ವಿಕಿರಣ ಕೊಟ್ಟವರಲ್ಲಿ 40 ವಾರ. ಗಡ್ಡೆಗಳು ಸಣ್ಣವಾಗಿದ್ದು ಕೆಲವೇ ಇದ್ದರೆ, ತಲೆ ತೆರೆಯದೆ ಗಡ್ಡೆಗೆ ಮಾತ್ರ ಗುರಿಯಿಟ್ಟು ವಿಕಿರಣ ಕೊಡುವ ರೇಡಿಯೋಸರ್ಜರಿ ಉತ್ತಮ. ಬಹಳ ಗಡ್ಡೆಗಳಿದ್ದರೆ ಇಡೀ ಮೆದುಳಿಗೆ ವಿಕಿರಣ, ಹೆಚ್ಚಾಗಿ ಹತ್ತು ದಿನ. ಇದರಿಂದ ನೆನಪಿನ ಶಕ್ತಿ ಕುಂದುವುದುಂಟು. ಅದನ್ನು ತಗ್ಗಿಸಲು ಮೆಮಾಂಟಿನ್ ಮಾತ್ರೆ ಇದೆ, ನೆನಪಿನ ಭಾಗವನ್ನು ತಪ್ಪಿಸಿ ಕೊಡುವ ಕ್ರಮವೂ ಇದೆ. ವೈದ್ಯರಲ್ಲಿ ಕೇಳಲು ಸಂಕೋಚ ಬೇಡ.

ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಅನೇಕ ಔಷಧಿಗಳನ್ನು ಅದು ಸಾಕಷ್ಟು ಒಳಗೆ ಬಿಡುವುದಿಲ್ಲ. ಆದರೆ ಹರ್-2 ಪಾಸಿಟಿವ್ ಇದ್ದವರಿಗೆ ಈಗ ದಾರಿ ತೆರೆದಿದೆ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟುಕಾಟಿನಿಬ್ ಮಾತ್ರೆಯನ್ನು ಉಳಿದ ಔಷಧಿಗಳೊಡನೆ ಸೇರಿಸಿದಾಗ, ಮೆದುಳಿಗೆ ಹಬ್ಬಿದವರಲ್ಲೂ ಅರ್ಧದಷ್ಟು ಮಂದಿ 21 ತಿಂಗಳು ದಾಟಿದರು. ಸೇರಿಸದವರಲ್ಲಿ ಸುಮಾರು 12 ತಿಂಗಳು. ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಚುಚ್ಚುಮದ್ದೂ ಮೆದುಳಿನ ಗಡ್ಡೆಗಳನ್ನು ಕುಗ್ಗಿಸುತ್ತದೆ. ಇವು ಬಡವರ ಕೈಗೆ ಸುಲಭಕ್ಕೆ ಸಿಗುವ ಬೆಲೆಯವಲ್ಲ. ಜಾಗ ಅಡವಿಡುವ ಮೊದಲು ಎಷ್ಟು ಪ್ರಯೋಜನವಾದೀತು, ಯಾವ ಸಹಾಯಧನ ದೊರೆತೀತು ಎಂದು ವೈದ್ಯರಲ್ಲೂ ಆಸ್ಪತ್ರೆಯ ಸಮಾಜ ಸೇವಕರಲ್ಲೂ ವಿಚಾರಿಸಿ. ಈ ಹಂತದ ರೋಗ ಪೂರ್ಣ ಗುಣವಾಗುವುದು ತೀರ ಅಪರೂಪ. ದೊರೆಯುವುದು ಸಮಯ, ಕೆಲವರಿಗೆ ವರ್ಷಗಳು.

ಫಿಟ್ಸ್ ಬರುವವರು ಒಬ್ಬರೇ ಬಾವಿಕಟ್ಟೆಗೆ, ಕೆರೆಗೆ ಹೋಗಬಾರದು, ಒಲೆಯ ಮುಂದೆ ಒಂಟಿಯಾಗಿರಬಾರದು, ಸ್ಕೂಟರ್ ಬಿಡಬಾರದು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಒಂದು ಮಗ್ಗುಲಿಗೆ ಮಲಗಿಸಿರಿ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ರೋಗಿಗಳ ಅಭ್ಯಂಗಕ್ಕೆ ಧರ್ಮಗುರುಗಳನ್ನು ಕರೆಯಲು ಹಲವು ಮನೆಗಳಲ್ಲಿ ಈಗಲೂ ಹೆದರುತ್ತಾರೆ, ಕೊನೆ ಬಂತೆಂದು ರೋಗಿ ತಿಳಿದಾರು ಎಂದು. ಈ ಸಂಸ್ಕಾರ ಸಾಯುವ ಘಳಿಗೆಯಲ್ಲಿರುವವರಿಗೆ ಮಾತ್ರವಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಆಪರೇಶನ್ನಿಗೆ ಹೋಗುವ ಮೊದಲೇ ಪಡೆಯಬಹುದು. ಪಾಲಿಯೇಟಿವ್ ಆರೈಕೆಯೂ ಹಾಗೆಯೇ. ಚಿಕಿತ್ಸೆ ನಡೆಯುತ್ತಿರುವಾಗಲೇ ಪಡೆಯಬಹುದು. ಕೇರಳದಲ್ಲಿ ಪಂಚಾಯತುಗಳ ಮೂಲಕ ನರ್ಸ್ ಮನೆಗೇ ಬರುವ ವ್ಯವಸ್ಥೆಯಿದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಓಡಾಡಲು ಜನವಿಲ್ಲದ ಮನೆಗಳವರು ವಾರ್ಡಿನ ಗುರ್ಕಾರರಿಗೆ ಒಂದು ಮಾತು ಹೇಳಿದರೂ ಆದೀತು.