ದುಂಡಕ್ಷರದ ಒಡಲು

ಮಕ್ಕಳ ಪತ್ರಿಕೆಯೊಂದರ ಪುಟಗಳನ್ನು ಅಣಿಗೊಳಿಸುವ ಕೆಲಸದಲ್ಲಿ ತೊಡಗಿ ನನಗೆ ಹಲವು ವರ್ಷಗಳಾದುವು. ಮೊದಮೊದಲು ತಲೆಬರಹಗಳನ್ನೆಲ್ಲ ಕುಂಚದಿಂದ ಕೈಯಾರೆ ಬರೆಯುತ್ತಿದ್ದೆನು. ಮೂಲೆಗಳನ್ನು ಸವರಿ, ಹೊಟ್ಟೆಯನ್ನು ತುಸು ಉಬ್ಬಿಸಿ ಬರೆದ ಅಕ್ಷರವು, ಉಂಡು ಅಂಗಳಕ್ಕೆ ಓಡಿಬಂದ ಮಗುವಿನಂತೆ, ಪುಟಕ್ಕೆಲ್ಲ ಉಲ್ಲಾಸವನ್ನು ತರುವುದೆಂಬುದನ್ನು ಆ ಕುಂಚವೇ ನನಗೆ ಕಲಿಸಿತು.

ಅಂತಹ ಅಕ್ಷರಗಳು ಗಣಕಯಂತ್ರದಲ್ಲಿ ಸಿದ್ಧವಾಗಿ ದೊರೆತಾಗ ನನಗಾದ ಹರ್ಷ ಸಾಮಾನ್ಯವಾದುದಲ್ಲ. ಮುಂಬಯಿಯ ಏಕ್ ಟೈಪ್ ಎಂಬ ವಿನ್ಯಾಸಕರ ಬಳಗವು ರೂಪಿಸಿ, ಯಾರು ಬೇಕಾದರೂ ಹಣ ತೆರದೆ ಬಳಸುವಂತೆ ಲೋಕಕ್ಕೆ ಒಪ್ಪಿಸಿದ ‘ಬಲೂ’ ಕುಟುಂಬದಲ್ಲಿ ಕನ್ನಡದ ಅಕ್ಷರಕ್ಕೆ ‘ತಮ್ಮ’ ಎಂದೂ, ತೆಲುಗಿನದಕ್ಕೆ ‘ತಮ್ಮುಡು’ ಎಂದೂ, ತಮಿಳಿನದಕ್ಕೆ ‘ತಂಬಿ’ ಎಂದೂ, ಮಲಯಾಳದ್ದಕ್ಕೆ ‘ಚೇಟ್ಟನ್’ ಎಂದೂ ಹೆಸರು. ಲಿಪಿಗಳು ಬೇರೆಯಾದರೂ ಒಡಹುಟ್ಟಿದವೆಂಬ ಭಾವವನ್ನು ಹೆಸರಿನಲ್ಲಿಯೇ ಇರಿಸಿದ ಆ ಸಹೃದಯತೆಯನ್ನು ಇಂದಿಗೂ ಮೆಚ್ಚುತ್ತೇನೆ.

ಆದರೆ ಮೆಚ್ಚಿದುದನ್ನು ಎಲ್ಲೆಡೆಯೂ ಬಳಸುವ ಆತುರ ನನ್ನನ್ನು ತಪ್ಪಿಗೆ ಎಳೆಯಿತು. ಮುಖಪುಟಕ್ಕೆ ಒಪ್ಪಿದ ಆ ದಪ್ಪಕ್ಷರವನ್ನೇ ಕುಗ್ಗಿಸಿ ಪರಿವಿಡಿಗೂ, ಚಿತ್ರಗಳ ಕೆಳಗಣ ಬರಹಕ್ಕೂ ಹಾಕಿಬಿಟ್ಟೆನು. ಅಗ್ಗದ ಕಾಗದ ಮಸಿಯನ್ನು ಹೀರಿತು. ಅಚ್ಚಾಗಿ ಬಂದ ಸಂಚಿಕೆಯನ್ನು ನೆರೆಮನೆಯ ಎರಡನೆಯ ತರಗತಿಯ ಹುಡುಗಿಯ ಕೈಗಿತ್ತಾಗ, ಅವಳು ಸಾಲಿನ ಮೇಲೆ ಬೆರಳಿಟ್ಟು ‘ಆಟ ಪಾರ’ ಎಂದು ಓದಿ, “ಪಾರ ಅಂದ್ರೆ ಏನು ಮಾಮ?” ಎಂದು ಕೇಳಿದಳು. ಅಲ್ಲಿದ್ದುದು ‘ಆಟ ಪಾಠ’.

ಆ ರಾತ್ರಿ ಮಸೂರವನ್ನು ಹಿಡಿದು ಪುಟವನ್ನು ನೋಡಿದೆನು. ಠಕಾರದ ಒಳಗಣ ಬಯಲೆಲ್ಲ ಮಸಿಯಿಂದ ತುಂಬಿ ಚುಕ್ಕೆಯು ಅದರಲ್ಲಿ ಲೀನವಾಗಿತ್ತು. ಶಾಲೆಯಲ್ಲಿ ಮೇಷ್ಟ್ರು ಮಹಾಪ್ರಾಣಕ್ಕೆ ‘ಹೊಟ್ಟೆ ಸೀಳು’ ಎಂದು ತಿದ್ದಿಸುತ್ತಿದ್ದ ಆ ಸೀಳು ಮುಚ್ಚಿಹೋಗಿ ಧಕಾರವು ದಕಾರವಾಗಿತ್ತು. ‘ರಾಷ್ಟ್ರ’ದಲ್ಲಿ ಷಕಾರದ ಕೆಳಗೆ ಒಂದರ ಪಕ್ಕಕ್ಕೊಂದು ಒತ್ತಿಕೊಂಡಿದ್ದ ಎರಡು ಒತ್ತಕ್ಷರಗಳು ಮುದ್ದೆಯಾಗಿ, ಮುಂದಿನ ಸಾಲಿನ ಗುಡಿಸುಗಳಿಗೆ ತಗುಲಿದ್ದುವು. ಕುಂಚ ಹಿಡಿದು ಬರೆಯುತ್ತಿದ್ದ ಕಾಲದಲ್ಲಿ ಅಕ್ಷರ ಚಿಕ್ಕದಾದಂತೆ ಗೆರೆಯನ್ನು ತಾನಾಗಿಯೇ ತೆಳುಮಾಡಿ, ಒಳಗಣ ಬಯಲನ್ನು ಹಿಗ್ಗಿಸುತ್ತಿದ್ದ ನನ್ನ ಕೈ, ಗುಂಡಿಯೊತ್ತಿ ಕುಗ್ಗಿಸುವ ಅನುಕೂಲ ಬಂದೊಡನೆ ಆ ವಿವೇಕವನ್ನೇ ಮರೆತಿತ್ತು. ದುಂಡಕ್ಷರದ ಸೊಗಸು ಅದರ ದಪ್ಪದಲ್ಲಿಲ್ಲ, ದಪ್ಪದ ನಡುವೆ ಉಳಿದ ಬಿಳುಪಿನಲ್ಲಿದೆ.

ಮೊದಲು ಒಂದೇ ದಪ್ಪದಲ್ಲಿದ್ದ ಆ ಅಕ್ಷರವು ಮುಂದೆ ‘ಬಲೂ ತಮ್ಮ 2’ ಆಗಿ 400ರಿಂದ 800ರವರೆಗೆ ಐದು ದಪ್ಪಗಳಲ್ಲಿ ಬಂದಿತು. ತೆಳುವಾದುದನ್ನೂ ನಾನು ಕಥೆಯ ಒಡಲಿಗೆ ಹಾಕುವುದಿಲ್ಲ. ಶೀರ್ಷಿಕೆಗೆ, ಆಟದ ಕಾರ್ಡಿಗೆ, ಗ್ರಂಥಾಲಯದ ಬಾಗಿಲ ಫಲಕಕ್ಕೆ, ನಾಲ್ಕಾರು ಪದಗಳನ್ನು ಮೀರದೆಡೆ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಧಾರಾಳವಾಗಿ ಎಡೆಯಿತ್ತು ಬಳಸುತ್ತೇನೆ.

ಮಕ್ಕಳಿಗಾಗಿ ಅಕ್ಷರವನ್ನು ಆರಿಸುವವರು, ಅದರ ಚೆಲುವಿಗೆ ಮನಸೋಲುವ ಮುನ್ನ, ಅಚ್ಚಾಗುವ ಅಳತೆಯಲ್ಲಿಯೇ, ಅಚ್ಚಾಗುವ ಕಾಗದದ ಮೇಲೆಯೇ ‘ಪಾಠ’ ಎಂದು ಮುದ್ರಿಸಿ, ಒಂದು ಮಗುವಿನಿಂದ ಓದಿಸಬೇಕೆಂದು ಬೇಡುತ್ತೇನೆ.